ಹುಳ ಮುಟ್ಟಿದ ಮೇಲೆ ರಕ್ತ ಹೆಪ್ಪುಗಟ್ಟದಿದ್ದರೆ: ಲೊನೊಮಿಯಾ ದೋಷ ಪತ್ತೆ ಕೈಪಿಡಿ

ದಕ್ಷಿಣ ಬ್ರೆಜಿಲ್‌ನ ರಿಯೊ ಗ್ರಾಂಡೆ ಡೊ ಸುಲ್ ರಾಜ್ಯದಲ್ಲಿ ಒಂದು ಹಣ್ಣಿನ ತೋಟ. ಕೆಲಸದವರೊಬ್ಬರು ಪೀಚ್ ಮರಕ್ಕೆ ಕೈ ಊರಿ ನಿಲ್ಲುತ್ತಾರೆ. ಅಂಗೈಗೆ ಕೆಂಡ ಇಟ್ಟ ಹಾಗೆ ಉರಿ. ನೋಡಿದರೆ ಕಾಂಡದ ಮೇಲೆ ತೊಗಟೆ ಬಣ್ಣದ ಲೊನೊಮಿಯಾ ಹುಳಗಳ ಗುಂಪು. ಕೈ ತೊಳೆದುಕೊಳ್ಳುತ್ತಾರೆ, ಸ್ವಲ್ಪ ಹೊತ್ತು ಒದ್ದಾಡುತ್ತಾರೆ. ಸಂಜೆ ಹೊತ್ತಿಗೆ ಉರಿ ಇಳಿಯುತ್ತದೆ. 'ಸರಿಹೋಯ್ತು' ಅಂತ ಮಲಗುತ್ತಾರೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುವಾಗ ವಸಡಿನಿಂದ ಬಂದ ರಕ್ತ ನಿಲ್ಲುವುದೇ ಇಲ್ಲ.

ಈ ಕೈಪಿಡಿ ಬರೆದದ್ದು ಆ ಸಂಜೆಗೂ ಬೆಳಿಗ್ಗೆಗೂ ನಡುವಿನ ಹೊತ್ತಿಗಾಗಿ. ಉರಿ ಇಳಿದರೆ ವಿಷ ಇಳಿಯಿತು ಅಂತ ಲೆಕ್ಕ ಅಲ್ಲ. ಅಷ್ಟರಲ್ಲಿ ರಕ್ತದೊಳಗೆ ಕೆಲಸ ಶುರುವಾಗಿರುತ್ತದೆ. ಹೊರಗೆ ಏನೂ ಕಾಣಿಸದ ಆ ಹೊತ್ತಿನಲ್ಲೂ ಒಂದು ಗಾಜಿನ ಟ್ಯೂಬ್ ಅದನ್ನು ತೋರಿಸಿಕೊಡಬಲ್ಲದು.

ನಾನು ವೈದ್ಯನಲ್ಲ. ಬಯಲುಸೀಮೆಯ ತಾಲ್ಲೂಕು ಮಟ್ಟದ ಆಸ್ಪತ್ರೆಗಳ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತ ಪರೀಕ್ಷೆ ಮಾಡಿದವನು. ಹಾವು ಕಚ್ಚಿದವರ ರಕ್ತ ಹೆಪ್ಪುಗಟ್ಟುತ್ತದಾ ಇಲ್ಲವಾ ಅಂತ ಗಡಿಯಾರ ನೋಡುತ್ತಾ ಕೂತ ರಾತ್ರಿಗಳು ಜಾಸ್ತಿ. ನನ್ನ ಸಂಬಂಧಿಕರ ಹುಡುಗನೊಬ್ಬ ಕೆಲಸಕ್ಕೆ ಅಂತ ದಕ್ಷಿಣ ಬ್ರೆಜಿಲ್‌ಗೆ ಹೋದ. 'ಮಾವ, ಇಲ್ಲಿ ಹುಳ ಮುಟ್ಟಿದರೆ ರಕ್ತ ಸೋರುತ್ತಂತೆ, ನಿಜವಾ?' ಅಂತ ಒಂದು ದಿನ ಫೋನ್ ಮಾಡಿದ. ಆಗಿನಿಂದ ಈ ವಿಷಯ ಓದುತ್ತಾ ಬಂದೆ. ನಿಜ ಕಣಪ್ಪ.

ಕೆಟ್ಟಿರುವುದು ಏನು?

ಹಾಲಿಗೆ ಹೆಪ್ಪು ಹಾಕುವ ನಮಗೆ ಇದು ಬೇಗ ಅರ್ಥವಾಗುತ್ತದೆ. ರಕ್ತದಲ್ಲಿ ಫೈಬ್ರಿನೋಜನ್ ಅನ್ನುವ ಪ್ರೋಟೀನ್ ಕರಗಿಕೊಂಡಿರುತ್ತದೆ. ಗಾಯ ಆದ ಕಡೆ ಪ್ರೋಥ್ರಾಂಬಿನ್ ಎಂಬುದು ಥ್ರಾಂಬಿನ್ ಆಗುತ್ತದೆ. ಆ ಥ್ರಾಂಬಿನ್ ಫೈಬ್ರಿನೋಜನ್ನನ್ನು ಫೈಬ್ರಿನ್ ಎಳೆಗಳಾಗಿ ಮಾಡುತ್ತದೆ. ಎಳೆಗಳು ಬಲೆಯಂತೆ ಹೆಣೆದುಕೊಂಡು ಗಾಯದ ಬಾಯಿ ಮುಚ್ಚುತ್ತವೆ. ಇದು ಗಾಯದ ಜಾಗದಲ್ಲಿ ಮಾತ್ರ ನಡೆಯಬೇಕು, ಬೇರೆಲ್ಲೂ ನಡೆಯಬಾರದು.

ಲೊನೊಮಿಯಾ ಒಬ್ಲಿಕ್ವಾ ಅನ್ನುವ ಹುಳದ ವಿಷ ಈ ಕಟ್ಟುಪಾಡನ್ನು ಮುರಿಯುತ್ತದೆ. ಅದರ ಮುಳ್ಳುಗಳಲ್ಲಿ ಇರುವ ಎರಡು ಪ್ರೋಟೀನ್‌ಗಳನ್ನು ಸಂಶೋಧಕರು ಬೇರ್ಪಡಿಸಿ ಹೆಸರಿಟ್ಟಿದ್ದಾರೆ. ಒಂದು ಲೋಪಾಪ್. ಇದು ಪ್ರೋಥ್ರಾಂಬಿನ್ ಅನ್ನು ನೇರವಾಗಿ ಎಬ್ಬಿಸುತ್ತದೆ. ಇನ್ನೊಂದು ಲೋಸಾಕ್. ಇದು ಪ್ರೋಥ್ರಾಂಬಿನ್‌ಗಿಂತ ಒಂದು ಹೆಜ್ಜೆ ಹಿಂದೆ ಕೆಲಸ ಮಾಡುವ ಫ್ಯಾಕ್ಟರ್ 10 ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ. ಗಾಯವೇ ಇಲ್ಲದ ಕಡೆ, ಮೈ ತುಂಬ, ಚೂರು ಚೂರಾಗಿ ಹೆಪ್ಪು ಕಟ್ಟುತ್ತದೆ. ಕಟ್ಟಿದ್ದನ್ನು ಕರಗಿಸಲು ದೇಹದ್ದೇ ಇನ್ನೊಂದು ವ್ಯವಸ್ಥೆ ಓಡಿ ಬರುತ್ತದೆ. ಕಟ್ಟುವುದು, ಕರಗಿಸುವುದು, ಮತ್ತೆ ಕಟ್ಟುವುದು. ಹೀಗೇ ನಡೆದು ಕೊನೆಗೆ ಫೈಬ್ರಿನೋಜನ್ ಮುಗಿದೇ ಹೋಗುತ್ತದೆ. ಆಮೇಲೆ ನಿಜವಾದ ಗಾಯ ಬಂದರೆ ಕಟ್ಟಲು ಸಾಮಾನೇ ಇರುವುದಿಲ್ಲ.

ಆದ್ದರಿಂದ ಇದನ್ನು 'ರಕ್ತ ತೆಳುವಾಗಿದೆ' ಅಂತ ತಿಳಿಯಬೇಡಿ. ಹೆಪ್ಪುಗಟ್ಟಿಸುವ ಸರಕು ಖರ್ಚಾಗಿಹೋಗಿದೆ. ಮುಂದೆ ಚಿಕಿತ್ಸೆಯ ಮಾತು ಬಂದಾಗ ಈ ವ್ಯತ್ಯಾಸವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಇದೇ ಜಾತಿಯ ಇನ್ನೊಂದು ಹುಳ ಲೊನೊಮಿಯಾ ಅಕೆಲೂಸ್, ವೆನೆಜುವೆಲಾ ಕಡೆಯದು. ಅಲ್ಲಿನ ರಕ್ತಶಾಸ್ತ್ರಜ್ಞೆ ಕಾರ್ಮೆನ್ ಲೂಯಿಸಾ ಅರೊಚಾ ಪಿನ್ಯಾಂಗೊ 1960ರ ದಶಕದಲ್ಲೇ ಇದರ ಬಗ್ಗೆ ಬರೆದರು. ಅದರ ವಿಷದ ಒತ್ತು ಕರಗಿಸುವುದರ ಮೇಲೆ ಜಾಸ್ತಿ. ಫೈಬ್ರಿನ್ ಎಳೆಗಳನ್ನು ಬಿಗಿಯಾಗಿ ಹೊಲಿಯುವ ಫ್ಯಾಕ್ಟರ್ 13 ಅನ್ನೂ ಅದು ಹಾಳು ಮಾಡುತ್ತದೆ. ರಕ್ತ ಸೋರುವುದು ಎರಡರಲ್ಲೂ ಒಂದೇ. ದಾರಿ ಮಾತ್ರ ಸ್ವಲ್ಪ ಬೇರೆ.

ಮೊದಲ ಪ್ರಶ್ನೆ: ಮುಟ್ಟಿದ್ದು ಯಾವ ಹುಳ?

ನಮ್ಮಲ್ಲಿ ಹುಳ ಅಂದ ತಕ್ಷಣ ಕಂಬಳಿಹುಳ ನೆನಪಾಗುತ್ತದೆ. ನುಗ್ಗೆ ಮರದ ಕಾಂಡದ ಮೇಲೆ ಹಗಲು ಹೊತ್ತು ಒತ್ತೊತ್ತಾಗಿ ಕೂತಿರುತ್ತವಲ್ಲ, ಅವು. ಲೊನೊಮಿಯಾ ಕೂರುವ ರೀತಿಯೂ ಹಾಗೇ. ಹಗಲು ಕಾಂಡದ ಕೆಳಭಾಗದಲ್ಲಿ ಗುಂಪಾಗಿ ಇರುತ್ತವೆ, ರಾತ್ರಿ ಮೇಲೆ ಹತ್ತಿ ಎಲೆ ತಿನ್ನುತ್ತವೆ. ಅದಕ್ಕೇ ಒಂದು ಹುಳ ಮುಟ್ಟಿತು ಅನ್ನುವುದು ಅಪರೂಪ. ಕೈ ಊರಿದರೆ ಒಂದೇ ಸಲ ಹತ್ತಾರು ಹುಳ ಅಂಗೈ ಕೆಳಗೆ ಸಿಗುತ್ತವೆ. ಹುಳ ಎಷ್ಟು, ಎಷ್ಟು ಜೋರಾಗಿ ಅದುಮಿದ್ದು ಅನ್ನುವುದರ ಮೇಲೆ ಒಳಗೆ ಹೋಗುವ ವಿಷವೂ ಹೆಚ್ಚುಕಮ್ಮಿ ಆಗುತ್ತದೆ.

ಮೈ ನೋಡಿದರೆ ಮಾತ್ರ ಕಂಬಳಿಹುಳಕ್ಕೂ ಇದಕ್ಕೂ ಹೋಲಿಕೆ ಇಲ್ಲ. ಕಂಬಳಿಹುಳದ್ದು ಮೆತ್ತನೆಯ ಕೂದಲು. ಲೊನೊಮಿಯಾ ಮೈಮೇಲೆ ಇರುವುದು ಗಟ್ಟಿ ಮುಳ್ಳು. ಅದೂ ಒಂಟಿ ಮುಳ್ಳಲ್ಲ, ಪುಟ್ಟ ಗಿಡದ ಹಾಗೆ ಕವಲೊಡೆದದ್ದು. ಬಣ್ಣ ಕಂದು, ಹಸಿರು ಮಿಶ್ರ. ತೊಗಟೆಯ ಮೇಲೆ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿನ ಜನ ಇಂಥ ಹುಳಕ್ಕೆ 'ತತುರಾನಾ' ಅನ್ನುತ್ತಾರೆ. ಅಲ್ಲಿನ ಮೂಲನಿವಾಸಿಗಳ ಟೂಪಿ ಭಾಷೆಯಲ್ಲಿ ಅದಕ್ಕೆ 'ಬೆಂಕಿಯಂಥದ್ದು' ಅಂತ ಅರ್ಥ.

ಮೂಲದಲ್ಲಿ ಇದು ಕಾಡಿನ ಹುಳ. ಕಾಡು ಕಡಿದಂತೆ ಸೀಡರ್ ಜಾತಿಯ ಮರ ಬಿಟ್ಟು ಪೀಚ್, ಪ್ಲಮ್, ಪೇರು, ಬೆಣ್ಣೆಹಣ್ಣಿನ ಮರಗಳಿಗೆ ಬಂತು. 1989ರಿಂದ ಈಚೆಗೆ ಬ್ರೆಜಿಲ್‌ನ ದಕ್ಷಿಣದ ರಾಜ್ಯಗಳಲ್ಲಿ ಒಂದರ ಹಿಂದೆ ಒಂದು ಪ್ರಕರಣ ಬಂದವು. ಜಾಸ್ತಿ ತೊಂದರೆ ಬೇಸಿಗೆಯಲ್ಲಿ. ಅಲ್ಲಿನ ಬೇಸಿಗೆ ಅಂದರೆ ನಮ್ಮ ಚಳಿಗಾಲದ ತಿಂಗಳುಗಳು. ಪಕ್ಕದ ಅರ್ಜೆಂಟೀನಾದ ಮಿಸಿಯೋನೆಸ್ ಪ್ರಾಂತ್ಯದಲ್ಲೂ ಇದೆ.

ನಮ್ಮ ದೇಶದಲ್ಲಿ ಲೊನೊಮಿಯಾ ಇಲ್ಲ. ಅದು ಅಮೆರಿಕ ಖಂಡದ ಬಿಸಿ ಪ್ರದೇಶಗಳ ಹುಳ. ತೆಂಗು, ಮಾವಿನ ಎಲೆ ಮೇಲೆ ಕಾಣುವ ಹಸಿರು ಮುಳ್ಳುಹುಳ ತಾಗಿದರೂ ಜೀವ ಹೋಗುವಷ್ಟು ಉರಿಯುತ್ತದೆ. ಆದರೆ ಆ ಉರಿ ಚರ್ಮಕ್ಕೇ ಮುಗಿಯುತ್ತದೆ. ಇದನ್ನು ಓದಿ ನುಗ್ಗೆ ಮರ ಕಡಿಯಲು ಹೋಗಬೇಡಿ.

ಹುಳ ಸಿಕ್ಕರೆ ಇಕ್ಕಳದಲ್ಲಿ ಹಿಡಿದು ಮುಚ್ಚಳ ಇರುವ ಡಬ್ಬಿಗೆ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಆಗದಿದ್ದರೆ ಹತ್ತಿರದಿಂದ ಒಂದು ಫೋಟೋ ಸಾಕು. ಸತ್ತ ಹುಳ ಅಂತ ಬರಿಗೈಯಲ್ಲಿ ಎತ್ತಬೇಡಿ. ಮುಳ್ಳು ಮುಳ್ಳೇ.

ಗಡಿಯಾರ ಇಟ್ಟುಕೊಳ್ಳಿ

ಮುಟ್ಟಿದ ಗಂಟೆ ಎಷ್ಟು? ಮೊದಲು ಇದನ್ನು ಬರೆದುಕೊಳ್ಳಿ. ಮುಂದಿನದೆಲ್ಲ ಈ ಒಂದು ಗಂಟೆಯಿಂದಲೇ ಲೆಕ್ಕ.

ತಕ್ಷಣ ಬರುವುದು ಉರಿ, ಕೆಂಪು, ಸ್ವಲ್ಪ ಬಾವು. ಬೊಬ್ಬೆಯೂ ಏಳಬಹುದು. ಆಮೇಲೆ ಕೆಲವು ಗಂಟೆಯೊಳಗೆ ತಲೆನೋವು, ಹೊಟ್ಟೆ ತೊಳಸುವುದು, ಮೈಕೈ ನೋವು. ಸುಸ್ತು ಅಂತ ಕೆಲವರು ಇದನ್ನು ತಳ್ಳಿಹಾಕುತ್ತಾರೆ. ರಕ್ತಸ್ರಾವ ಕಾಣಿಸಿಕೊಳ್ಳುವುದು ಒಂದು ಗಂಟೆಯಿಂದ ಹಿಡಿದು ಮೂರು ದಿನದೊಳಗೆ ಯಾವಾಗ ಬೇಕಾದರೂ. ಎಲ್ಲಿ ಕಾಣುತ್ತದೆ? ವಸಡು, ಮೂಗು, ಮೂತ್ರ. ಪೆಟ್ಟು ಬಿದ್ದ ನೆನಪಿಲ್ಲದ ಕಡೆ ಮೈಮೇಲೆ ನೀಲಿಗಟ್ಟುವುದು. ವಾರದ ಹಿಂದೆ ಕುಡುಗೋಲು ತಾಗಿ ಒಣಗಿದ್ದ ಗಾಯ ಮತ್ತೆ ತೊಟ್ಟಿಕ್ಕಲು ಶುರುವಾಗುವುದು. ಈ ಹಳೆಗಾಯದ ಸುಳಿವು ಬಹಳ ಮುಖ್ಯ. ತೋಟದ ಕೆಲಸ ಮಾಡುವವರ ಕೈಯಲ್ಲಿ ಒಂದಾದರೂ ಹಳೆಗಾಯ ಇದ್ದೇ ಇರುತ್ತದಲ್ವಾ? ಕೇಳಿ, ಕಣ್ಣಾರೆ ನೋಡಿ.

ರಕ್ತ ಕಾಣಿಸುವ ತನಕ ಕಾಯುವುದು ದೊಡ್ಡ ತಪ್ಪು. ಹೊರಗೆ ಒಂದು ಹನಿ ಕಾಣುವ ಮೊದಲೇ ಟ್ಯೂಬಿನಲ್ಲಿ ದೋಷ ಸಿಗುತ್ತದೆ.

ಟ್ಯೂಬ್ ಪರೀಕ್ಷೆ

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಜಾಗ ಇದು.

ನಮ್ಮಲ್ಲಿ ಹಾವು ಕಡಿತಕ್ಕೆ ಮಾಡುವ 20 ನಿಮಿಷದ ಪರೀಕ್ಷೆ ಗೊತ್ತಲ್ಲ. ಹೊಸ, ಒಣಗಿದ, ಗಾಜಿನ ಟೆಸ್ಟ್ ಟ್ಯೂಬಿಗೆ 2 ಎಂಎಲ್ ರಕ್ತ. ಅಲ್ಲಾಡಿಸದೆ ರ‍್ಯಾಕಿನಲ್ಲಿ ನಿಲ್ಲಿಸಬೇಕು. 20 ನಿಮಿಷ ಆದ ಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ಮೊಸರಿನ ಹಾಗೆ ಕೂತಿದ್ದರೆ ಹೆಪ್ಪುಗಟ್ಟಿದೆ. ನೀರಿನ ಹಾಗೆ ಗೋಡೆ ಮೇಲೆ ಹರಿದು ಬಂದರೆ ಕಟ್ಟಿಲ್ಲ. ಯಂತ್ರ ಬೇಡ, ಕರೆಂಟ್ ಬೇಡ.

ಬ್ರೆಜಿಲ್‌ನಲ್ಲಿ ಹೆಪ್ಪುಗಟ್ಟಲು ಎಷ್ಟು ನಿಮಿಷ ಬೇಕು ಅಂತಲೇ ಅಳೆಯುತ್ತಾರೆ. ಗಾಜಿನ ಟ್ಯೂಬನ್ನು 37 ಡಿಗ್ರಿ ನೀರಿನಲ್ಲಿ ಇಟ್ಟು ನಿಮಿಷಕ್ಕೊಮ್ಮೆ ವಾಲಿಸುತ್ತಾರೆ. 10 ನಿಮಿಷದೊಳಗೆ ಕಟ್ಟಿದರೆ ಸರಿ. 10 ದಾಟಿದರೆ ತಡ. 30 ನಿಮಿಷ ಕಳೆದರೂ ಕಟ್ಟದಿದ್ದರೆ ಆ ರಕ್ತ ಕಟ್ಟುವುದಿಲ್ಲ ಅಂತ ಬರೆಯುತ್ತಾರೆ. ಎರಡು ಪದ್ಧತಿ, ಕೇಳುವ ಪ್ರಶ್ನೆ ಒಂದೇ.

ಈ ಪರೀಕ್ಷೆ ಸುಳ್ಳು ಹೇಳುವುದೂ ಉಂಟು. ಹೇಗೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಆಸ್ಪತ್ರೆಯಲ್ಲಿ ಆಗ ನಾನು ಹೊಸಬ. ಸಂಜೆ ಏಳರ ಹೊತ್ತಿಗೆ ಒಬ್ಬ ಹುಡುಗನನ್ನು ಕರೆತಂದರು. ನುಗ್ಗೆಕಾಯಿ ಕೀಳಲು ಹೋಗಿ ಮೊಣಕೈ ತನಕ ಕಂಬಳಿಹುಳದ ದದ್ದು. ಜೊತೆಗೆ ಬಂದ ಅಜ್ಜಿ 'ಹಾವೂ ಇತ್ತೇನೋ, ಹುಲ್ಲು ಸರಸರ ಅಂತು' ಅಂದರು. ಡಾಕ್ಟರ್ ಹೆಪ್ಪುಗಟ್ಟುವ ಪರೀಕ್ಷೆ ಬರೆದರು. ರಕ್ತ ತೆಗೆದೆ, ಟ್ಯೂಬಿಗೆ ಬಿಟ್ಟೆ, ಕಾದೆ. 20 ನಿಮಿಷಕ್ಕೆ ವಾಲಿಸಿದರೆ ರಕ್ತ ಸಲೀಸಾಗಿ ಹರಿದು ಬಂತು. ನನ್ನ ಕೈ ತಣ್ಣಗಾಯಿತು. ವಾರ್ಡಿನಲ್ಲಿ ಹಾವಿನ ಸೀರಂ, ಅಂದರೆ ಪ್ರತಿವಿಷದ ಔಷಧ, ತೆಗೆದಿಟ್ಟುಕೊಂಡರು. ಅಷ್ಟರಲ್ಲಿ ನಮ್ಮ ಹಿರಿಯ ಟೆಕ್ನಿಷಿಯನ್ ಮೇಡಂ ಒಳಗೆ ಬಂದರು. ಟ್ಯೂಬನ್ನು ಬೆಳಕಿಗೆ ಹಿಡಿದು ಕೇಳಿದರು: 'ಇದು ಹೊಸದಾ, ತೊಳೆದದ್ದಾ?'

ತೊಳೆದದ್ದು. ಮಧ್ಯಾಹ್ನ ಸೋಪಿನ ಪುಡಿ ಹಾಕಿ ತೊಳೆದು ಕವುಚಿಟ್ಟಿದ್ದ ಟ್ಯೂಬ್ ಅದು.

ಗಾಜಿನ ಒಳಮೈ ತಾಗಿದಾಗ ರಕ್ತ ಹೆಪ್ಪುಗಟ್ಟಲು ಶುರುಮಾಡುತ್ತದೆ. ಆ ಮೈಮೇಲೆ ಸೋಪಿನ ಪದರ ಕೂತರೆ ಒಳ್ಳೆಯ ರಕ್ತವೂ ಕಟ್ಟುವುದಿಲ್ಲ. ಪ್ಲಾಸ್ಟಿಕ್ ಟ್ಯೂಬಿನಲ್ಲೂ ಇದೇ ತೊಂದರೆ. ಮೇಡಂ ಹೊಸ ಪೊಟ್ಟಣ ಒಡೆದರು. ಎರಡು ಟ್ಯೂಬ್ ತೆಗೆದರು. ಒಂದಕ್ಕೆ ಹುಡುಗನ ರಕ್ತ, ಇನ್ನೊಂದಕ್ಕೆ ಅವನ ಚಿಕ್ಕಪ್ಪನದು. ಎರಡೂ 20 ನಿಮಿಷಕ್ಕೆ ಗಟ್ಟಿಯಾಗಿ ಕೂತವು. ಹುಡುಗ ಬೆಳಿಗ್ಗೆ ಮನೆಗೆ ಹೋದ. ಆ ದಿನದಿಂದ ಜೊತೆಗಿನ ಆರೋಗ್ಯವಂತರದ್ದೂ ಒಂದು ಟ್ಯೂಬ್ ಇಡದೆ ನಾನು ಈ ಪರೀಕ್ಷೆ ಮಾಡಿದ್ದೇ ಇಲ್ಲ. ಇಬ್ಬರದೂ ಕಟ್ಟದಿದ್ದರೆ ತಪ್ಪು ಟ್ಯೂಬಿನದು. ರೋಗಿಯದು ಮಾತ್ರ ಕಟ್ಟದಿದ್ದರೆ ತಪ್ಪು ರಕ್ತದ್ದು.

ಇನ್ನು ಕೆಲವು ಎಡವಟ್ಟುಗಳು. ಐದು ನಿಮಿಷಕ್ಕೊಮ್ಮೆ ಕುತೂಹಲಕ್ಕೆ ಟ್ಯೂಬ್ ಎತ್ತಿ ಅಲ್ಲಾಡಿಸುವುದು. 20 ನಿಮಿಷದ ಪರೀಕ್ಷೆಯಲ್ಲಿ ಅದು ಬೇಡ. ರಕ್ತ ಕಟ್ಟದ ಹಾಗೆ ತಡೆಯುವ ಹೆಪಾರಿನ್ ಔಷಧ ಹಾಕಿದ ನಳಿಕೆಯಿಂದ ರಕ್ತ ತೆಗೆಯುವುದು. ಗಡಿಯಾರ ನೋಡದೆ 'ಇಪ್ಪತ್ತಾಗಿರಬಹುದು' ಅಂದುಕೊಳ್ಳುವುದು.

ಮೊದಲ ಟ್ಯೂಬ್ ಚೆನ್ನಾಗಿ ಕಟ್ಟಿದರೆ ಮನೆಗೆ ಕಳಿಸಿಬಿಡಬಹುದಾ? ಬೇಡ. ವಿಷಕ್ಕೆ ಇನ್ನೂ ಹೊತ್ತು ಬೇಕಾಗಿರಬಹುದು. ಬ್ರೆಜಿಲ್‌ನ ಪದ್ಧತಿಯಲ್ಲಿ 12 ಗಂಟೆಗೊಮ್ಮೆ ಮತ್ತೆ ಪರೀಕ್ಷೆ ಮಾಡುತ್ತಾ, ಮುಟ್ಟಿದ ಗಂಟೆಯಿಂದ 48 ಗಂಟೆ ತನಕ ಕಣ್ಣಿಡುತ್ತಾರೆ. ಇನ್ನೊಂದು ಮಾತು: ಕಟ್ಟಿದ ಟ್ಯೂಬನ್ನು ತಕ್ಷಣ ಎಸೆಯಬೇಡಿ. ಕರಗಿಸುವ ಕೆಲಸ ಜೋರಾಗಿದ್ದರೆ ಕಟ್ಟಿದ ಗರಣೆಯೂ ಆಮೇಲೆ ಕರಗಬಹುದು. ರ‍್ಯಾಕಿನಲ್ಲೇ ಇರಲಿ, ಮತ್ತೊಮ್ಮೆ ನೋಡಿ.

ಲ್ಯಾಬ್ ರಿಪೋರ್ಟ್ ಏನು ಹೇಳುತ್ತದೆ?

ದೊಡ್ಡ ಆಸ್ಪತ್ರೆ ಆಗಿದ್ದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ರಕ್ತ ಹೋಗುತ್ತದೆ (ಸಿಟ್ರೇಟ್ ಅಂದರೆ ಲ್ಯಾಬ್ ಮುಟ್ಟುವ ತನಕ ರಕ್ತ ಕಟ್ಟದ ಹಾಗೆ ಇಡುವ ದ್ರವ). ಗೆರೆ ತನಕ ತುಂಬಿರಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಅರ್ಧ ತುಂಬಿದ ಟ್ಯೂಬ್ ಕಳಿಸಿದರೆ ಸಿಟ್ರೇಟ್ ಜಾಸ್ತಿಯಾಗಿ, ಸರಿ ಇರುವ ರಕ್ತದ ರಿಪೋರ್ಟೂ ಕೆಟ್ಟದಾಗಿ ಬರುತ್ತದೆ.

ಲೊನೊಮಿಯಾ ಒಬ್ಲಿಕ್ವಾ ವಿಷದ ಗುರುತು ಹೀಗಿರುತ್ತದೆ. ಪಿ.ಟಿ. ಉದ್ದ, ಎ.ಪಿ.ಟಿ.ಟಿ. ಉದ್ದ (ರಕ್ತ ಕಟ್ಟಲು ಎಷ್ಟು ಸೆಕೆಂಡು ಬೇಕು ಅಂತ ಎರಡು ಬೇರೆ ದಾರಿಯಲ್ಲಿ ಅಳೆಯುವ ಪರೀಕ್ಷೆಗಳು ಇವು). ಫೈಬ್ರಿನೋಜನ್ ತಳ ಕಂಡಿರುತ್ತದೆ (ಸಾಮಾನ್ಯವಾಗಿ ಡೆಸಿಲೀಟರಿಗೆ 200ರಿಂದ 400 ಮಿಲಿಗ್ರಾಂ ಇರಬೇಕು). ಡಿ-ಡೈಮರ್ ಏರಿರುತ್ತದೆ. ಅಂದರೆ ಕಟ್ಟಿದ್ದು ಕರಗಿದ ಚೂರುಗಳು ರಕ್ತದಲ್ಲಿ ತುಂಬಿವೆ. ಇಷ್ಟೆಲ್ಲ ಇದ್ದರೂ ಪ್ಲೇಟ್ಲೆಟ್ ಬಹುತೇಕ ಸರಿಯಾಗೇ ಇರುತ್ತದೆ, ಇಲ್ಲವೇ ಸ್ವಲ್ಪ ಇಳಿದಿರುತ್ತದೆ. ಈ ಕೊನೆಯ ಸಾಲನ್ನು ಗಮನಿಸಿ. ಪ್ಲೇಟ್ಲೆಟ್ ಚೆನ್ನಾಗಿದೆ ಅಂತ ಸಮಾಧಾನ ಪಟ್ಟುಕೊಂಡು ಕೂತರೆ ಕೆಟ್ಟಿತು.

ಬೇರೆ ಕಾರಣಗಳನ್ನು ಬೇರ್ಪಡಿಸುವುದೂ ಇಲ್ಲೇ. ಡೆಂಗ್ಯೂನಲ್ಲಿ ಜ್ವರ ಇರುತ್ತದೆ, ಪ್ಲೇಟ್ಲೆಟ್ ಬೀಳುತ್ತದೆ, ಫೈಬ್ರಿನೋಜನ್ ಹೀಗೆ ಬರಿದಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಪಿ.ಟಿ. ಉದ್ದವಾಗುತ್ತದೆ, ಫೈಬ್ರಿನೋಜನ್‌ಗೆ ಏನೂ ಆಗಿರುವುದಿಲ್ಲ. ಹುಟ್ಟಿನಿಂದಲೇ ರಕ್ತ ಸರಿಯಾಗಿ ಕಟ್ಟದ ಹಿಮೋಫಿಲಿಯಾ ಕಾಯಿಲೆಯಲ್ಲಿ ಎ.ಪಿ.ಟಿ.ಟಿ. ಮಾತ್ರ ಉದ್ದ, ಅದೂ ಚಿಕ್ಕಂದಿನಿಂದ. ಸೋಂಕು ರಕ್ತಕ್ಕೆ ಏರಿ ಹೀಗಾದರೆ ಪ್ಲೇಟ್ಲೆಟ್ಟೂ ಜೊತೆಗೇ ಕುಸಿಯುತ್ತದೆ, ಮೈ ಬಿಸಿ ಇರುತ್ತದೆ. ಲಿವರ್ ಕೆಟ್ಟವರಲ್ಲಿ ಹಳೆಯ ಕಥೆ ಇರುತ್ತದೆ, ಕಣ್ಣು ಹಳದಿ ಇರುತ್ತದೆ. ನಿನ್ನೆ ಗಟ್ಟಿಮುಟ್ಟಾಗಿ ಮರ ಹತ್ತಿದವರಿಗೆ ಇವತ್ತು ಫೈಬ್ರಿನೋಜನ್ ಬರಿದಾಗಿದ್ದರೆ ಕಾರಣ ಹೊರಗಿನಿಂದ ಬಂದಿದೆ.

ಲ್ಯಾಬಿನವರಿಗೆ ಒಂದು ಮಾತು. ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ಅಂಶ) ನೋಡಲು ಸಾದಾ ಟ್ಯೂಬಿಗೆ ಹಾಕಿದ ರಕ್ತ ಅರ್ಧ ಗಂಟೆ ಕಳೆದರೂ ಕಟ್ಟದೆ ಹಾಗೇ ಇದೆಯಾ? 'ಇನ್ನೊಂದು ಸ್ಯಾಂಪಲ್ ಕಳಿಸಿ' ಅಂತ ಹೇಳಿ ಸುಮ್ನೆ ಕೂರಬೇಡಿ. ವಾರ್ಡಿಗೆ ಫೋನ್ ಮಾಡಿ. ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಆ ಟ್ಯೂಬಿನಲ್ಲೇ.

ನಮ್ಮೂರಿನಲ್ಲಿ ಹೀಗಾದರೆ?

ಇದನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಕರ್ನಾಟಕದಲ್ಲಿ 'ಏನೋ ಹುಳ ಮುಟ್ತು' ಅಂತ ಬಂದವರ ರಕ್ತ, ಹೊಸ ಗಾಜಿನ ಟ್ಯೂಬಿನಲ್ಲೂ, ಕಟ್ಟದಿದ್ದರೆ ಹುಳದ ಯೋಚನೆ ಬಿಡಿ. ಹಾವು ಅಂತ ತಿಳಿಯಿರಿ. ಕೊಳಕುಮಂಡಲ, ಇಲ್ಲವೇ ಗರಗಸ ಮಂಡಲ. ಕತ್ತಲಲ್ಲಿ ಗದ್ದೆ ಬದುವಿನ ಮೇಲೆ ಕಾಲಿಗೆ ಏನೋ ಚುರುಕ್ ಅಂದರೆ ಜನ ಹುಳ ಅಂತಲೇ ಹೇಳುತ್ತಾರೆ. ಹಾವಿನ ಹೆಸರು ಹೇಳಲು ಕೆಲವರಿಗೆ ಹೆದರಿಕೆ. ಹಾಗೆ ಹುಳ ಅಂತ ಬಂದ ಒಬ್ಬ ಅಜ್ಜನ ಪಾದದ ಕೆಸರು ಒರೆಸಿದಾಗ ಎರಡು ಹಲ್ಲಿನ ಗುರುತು ಕಂಡದ್ದು ನನಗೆ ಇನ್ನೂ ನೆನಪಿದೆ.

ಆಶ್ಚರ್ಯ ಏನು ಗೊತ್ತಾ? ಕೊಳಕುಮಂಡಲದ ವಿಷದಲ್ಲೂ ಫ್ಯಾಕ್ಟರ್ 10 ಅನ್ನು ಎಬ್ಬಿಸುವ ಅಂಶ ಇದೆ. ಗರಗಸ ಮಂಡಲದ ವಿಷದಲ್ಲಿ ಪ್ರೋಥ್ರಾಂಬಿನ್ ಅನ್ನು ಎಬ್ಬಿಸುವ ಅಂಶ ಇದೆ. ನಮ್ಮ ಎರಡು ಹಾವುಗಳು ಹಿಡಿದ ಎರಡು ದಾರಿಯನ್ನೂ ಆ ಒಂದು ಹುಳ ಹಿಡಿದಿದೆ. ಅದಕ್ಕೇ ಹಾವಿಗೆ ಅಂತ ಕಲಿತ ಟ್ಯೂಬ್ ಪರೀಕ್ಷೆ ಹುಳಕ್ಕೂ ಹೊಂದುತ್ತದೆ.

ಪರೀಕ್ಷೆ ಹೊಂದುತ್ತದೆ, ಸೀರಂ ಹೊಂದುವುದಿಲ್ಲ. ಬ್ರೆಜಿಲ್‌ನಲ್ಲೂ ಜರರಾಕಾ ಅನ್ನುವ ಮಂಡಲ ಜಾತಿಯ ಹಾವು ಕಚ್ಚಿದರೆ ರಕ್ತ ಕಟ್ಟುವುದಿಲ್ಲ. ಅಲ್ಲಿ ಕಚ್ಚಿದ ಜಾಗ ಚೆನ್ನಾಗಿ ಊದಿಕೊಳ್ಳುತ್ತದೆ. ಹುಳದ್ದಾದರೆ ಊತ ಕಮ್ಮಿ. ಹಾವಿನ ಸೀರಂ ಹುಳದ ವಿಷಕ್ಕೆ ಕೆಲಸ ಮಾಡುವುದಿಲ್ಲ.

ಸರಿಪಡಿಸುವುದು

ಮನೆಯಲ್ಲಿ ಮಾಡಬೇಕಾದ್ದು ಸ್ವಲ್ಪವೇ. ತಣ್ಣೀರು, ಸೋಪಿನಿಂದ ಮೆಲ್ಲಗೆ ತೊಳೆಯಿರಿ. ಉಜ್ಜಬೇಡಿ. ತಣ್ಣೀರಿನ ಬಟ್ಟೆ ಇಡಿ. ದಾರ ಕಟ್ಟುವುದು, ಬ್ಲೇಡಿನಲ್ಲಿ ಗೀರುವುದು ಬೇಡವೇ ಬೇಡ. ಕಟ್ಟದ ರಕ್ತಕ್ಕೆ ಇನ್ನೊಂದು ಬಾಗಿಲು ತೆರೆದಂತಾಗುತ್ತದೆ. ನೋವಿಗೆ ಅಂತ ಆಸ್ಪಿರಿನ್ ನುಂಗಬೇಡಿ. ಆಮೇಲೆ ಆಸ್ಪತ್ರೆ. ಬ್ರೆಜಿಲ್‌ನಲ್ಲಿ ಆಂಬುಲೆನ್ಸ್ ನಂಬರ್ 192.

ಆಸ್ಪತ್ರೆಯಲ್ಲಿ ಮೂಲ ಔಷಧ ಒಂದೇ. ಸಾವೊ ಪಾಲೊದ ಬುಟಾಂಟನ್ ಸಂಸ್ಥೆ 1990ರ ದಶಕದ ನಡುವೆ ತಯಾರಿಸಿದ ಲೊನೊಮಿಯಾ ಸೀರಂ. ಹುಳದ ಮುಳ್ಳುಗಳ ಸಾರವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸುತ್ತಾರೆ. ಇದಕ್ಕೆ ಜೀವಂತ ಹುಳಗಳೇ ಬೇಕು. ದಕ್ಷಿಣದ ರಾಜ್ಯಗಳ ಜನ ತಮ್ಮ ತೋಟದಲ್ಲಿ ಕಂಡ ಹುಳಗಳ ಬಗ್ಗೆ ಅಧಿಕಾರಿಗಳಿಗೆ ತಿಳಿಸಿ, ಅವು ಸಾವೊ ಪಾಲೊ ತನಕ ಹೋಗುವ ಹಾಗೆ ಮಾಡುತ್ತಾರೆ. ತಮ್ಮ ಕೈ ಸುಟ್ಟ ಹುಳವನ್ನು ಕೊಲ್ಲದೆ ಔಷಧಕ್ಕೆ ಕೊಡುವ ಆ ರೈತರ ಬಗ್ಗೆ ನನಗೆ ಬಹಳ ಗೌರವ. ಸೀರಂ ಅಲ್ಲಿ ಸರ್ಕಾರಿ ವ್ಯವಸ್ಥೆಯಲ್ಲಿ ಬಿಟ್ಟಿ ಸಿಗುತ್ತದೆ.

ಎಷ್ಟು ಕೊಡಬೇಕು ಅನ್ನುವುದಕ್ಕೆ ಬ್ರೆಜಿಲ್‌ನ ಲೆಕ್ಕ ಸರಳ. ಉರಿ ಮಾತ್ರ ಇದ್ದು ಟ್ಯೂಬ್ ಸರಿ ಇದ್ದರೆ ಸೀರಂ ಬೇಡ, ಕಣ್ಣಿಡಬೇಕು. ಟ್ಯೂಬ್ ಕೆಟ್ಟಿದ್ದರೆ, ರಕ್ತಸ್ರಾವ ಇಲ್ಲದಿದ್ದರೂ, ಅಥವಾ ಚರ್ಮ ವಸಡುಗಳಲ್ಲಿ ಮಾತ್ರ ಇದ್ದರೆ 5 ಆಂಪ್ಯೂಲ್ (ಔಷಧದ ಪುಟ್ಟ ಸೀಸೆ). ಒಳ ಅಂಗಗಳಲ್ಲಿ ರಕ್ತಸ್ರಾವ ಇದ್ದರೆ, ಜೀವಕ್ಕೆ ಅಪಾಯ ಇದ್ದರೆ 10. ನರಕ್ಕೇ ಕೊಡಬೇಕು. ಕುದುರೆಯ ಸೀರಂ ಆದ್ದರಿಂದ ಅಲರ್ಜಿ ಆಗಬಹುದು, ಅದಕ್ಕೆ ತಯಾರಿ ಇಟ್ಟುಕೊಂಡೇ ಕೊಡುತ್ತಾರೆ. ತೀರ್ಮಾನ ವೈದ್ಯರದು.

ಇನ್ನು ಎಡವುವ ಜಾಗ. ರಕ್ತ ಸೋರುತ್ತಿದೆ, ಪ್ಲಾಸ್ಮಾ (ಕಣಗಳನ್ನು ತೆಗೆದ ಮೇಲೆ ಉಳಿಯುವ ರಕ್ತದ ದ್ರವ) ಕೊಟ್ಟುಬಿಡೋಣ ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಖರ್ಚಾದ ಸರಕು ತುಂಬಿಸಿದರೆ ಆಯ್ತಲ್ಲ? ವಿಷ ಇನ್ನೂ ರಕ್ತದಲ್ಲೇ ಓಡಾಡುತ್ತಿರುವಾಗ ಹೊಸ ಸರಕು ಸುರಿದರೆ ಅದನ್ನೂ ವಿಷವೇ ತಿಂದುಹಾಕುತ್ತದೆ. ಮೈ ತುಂಬ ಚೂರು ಹೆಪ್ಪು ಕಟ್ಟುವುದು ಇನ್ನಷ್ಟು ಜೋರಾಗುತ್ತದೆ. ಅದಕ್ಕೇ ಬ್ರೆಜಿಲ್‌ನ ಮಾರ್ಗಸೂಚಿ ಪೂರ್ಣ ರಕ್ತ, ತಾಜಾ ಪ್ಲಾಸ್ಮಾ ಬೇಡ ಅನ್ನುತ್ತದೆ. ರಕ್ತ ತೀರಾ ಕಮ್ಮಿಯಾಗಿದ್ದರೆ ಕೆಂಪು ಕಣಗಳನ್ನು ಮಾತ್ರ ಕೊಡುತ್ತಾರೆ. ಸೋರುವ ಟ್ಯಾಂಕಿಗೆ ನೀರು ತುಂಬಿಸುವ ಮೊದಲು ತೂತು ಮುಚ್ಚಬೇಕಲ್ವಾ, ಹಾಗೆ. ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ನೂ ಈ ಹೊತ್ತಿನಲ್ಲಿ ಬೇಡ. ಸೂಜಿ ಹೋದ ಜಾಗದಲ್ಲೇ ಒಳಗೆ ರಕ್ತ ತುಂಬಿಕೊಳ್ಳುತ್ತದೆ.

ಸೀರಂ ಕೊಟ್ಟ ಮೇಲೂ ಮುಗಿಯಲಿಲ್ಲ

24 ಗಂಟೆ ಆದ ಮೇಲೆ ಮತ್ತೆ ಟ್ಯೂಬ್ ಇಡಿ. ಹೊಸ ಟ್ಯೂಬ್, ಜೊತೆಗೆ ಆರೋಗ್ಯವಂತರದ್ದೂ ಒಂದು. ಕಟ್ಟಿದರೆ ಸೀರಂ ಗೆದ್ದಿದೆ. ಇನ್ನೂ ಕಟ್ಟದಿದ್ದರೆ ಮತ್ತಷ್ಟು ಸೀರಂ ಬೇಕಾಗುತ್ತದೆ.

ಮೂತ್ರ ಎಷ್ಟು ಹೋಗುತ್ತಿದೆ ಅಂತ ಅಳೆದು ಬರೆಯಿರಿ. ಬಣ್ಣವನ್ನೂ ಬರೆಯಿರಿ. ಈ ವಿಷ ಕೆಲವರ ಮೂತ್ರಪಿಂಡವನ್ನು ಹಿಡಿಯುತ್ತದೆ. ರಕ್ತ ಕಟ್ಟಲು ಶುರುವಾದ ಮೇಲೂ ಕ್ರಿಯಾಟಿನಿನ್ ಏರುತ್ತಾ ಹೋಗಬಹುದು, ಡಯಾಲಿಸಿಸ್ ಬೇಕಾಗಬಹುದು. ಆದ್ದರಿಂದ ಟ್ಯೂಬ್ ಕಟ್ಟಿತು ಅಂತ ಕ್ರಿಯಾಟಿನಿನ್ ಪರೀಕ್ಷೆ ನಿಲ್ಲಿಸಬೇಡಿ.

ತಲೆನೋವು ಮೊದಲ ದಿನ ಬರುವುದು ಸಾಮಾನ್ಯ. ಆದರೆ ಹೋದ ತಲೆನೋವು ಮತ್ತೆ ಬಂದರೆ, ವಾಂತಿ, ಮಂಪರು ಜೊತೆಗೂಡಿದರೆ, ಮಾತು ತೊದಲಿದರೆ ತಕ್ಷಣ ತಲೆಯ ಸಿ.ಟಿ. ಸ್ಕ್ಯಾನ್. ಈ ಹುಳದಿಂದ ಜೀವ ಹೋಗುವುದು ಹೆಚ್ಚಾಗಿ ಮಿದುಳಿನ ರಕ್ತಸ್ರಾವದಿಂದಲೇ.

ಚೀಟಿಯಲ್ಲಿ ಏನಿರಬೇಕು?

2008ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಪ್ರಕರಣ ಬಂತು. ಪೆರು ದೇಶಕ್ಕೆ ಹೋಗಿದ್ದ 22 ವರ್ಷದ ಯುವತಿ ಬರಿಗಾಲಲ್ಲಿ ನಡೆಯುವಾಗ ಐದು ಹುಳಗಳನ್ನು ತುಳಿದಳು. ಪಾದದಲ್ಲಿ ಉರಿ, ತಲೆನೋವು. ಒಂದು ದಿನದೊಳಗೆ ಎಲ್ಲ ಇಳಿಯಿತು. ಊರಿಗೆ ಮರಳಿದಳು. ಮೈಮೇಲೆ ನೀಲಿ ಕಲೆಗಳು ಬಂದವು, ಹೆಚ್ಚುತ್ತಾ ಹೋದವು. ಆಸ್ಪತ್ರೆ ಸೇರುವ ಹೊತ್ತಿಗೆ ದಿನಗಳು ಕಳೆದಿದ್ದವು. ಬ್ರೆಜಿಲ್‌ನಿಂದ ಸೀರಂ ತರಿಸಿದರು. ಜೀವ ಉಳಿಯಲಿಲ್ಲ. ಹುಳ ತುಳಿದ ಊರಿಗೂ ರಕ್ತ ನಿಲ್ಲದ ಊರಿಗೂ ನಡುವೆ ಸಾವಿರಾರು ಕಿಲೋಮೀಟರ್ ಇತ್ತು.

ನಮ್ಮ ಹುಡುಗರೂ ಈಗ ಎಲ್ಲೆಲ್ಲೋ ಓಡಾಡುತ್ತಾರೆ. ಆ ಕಡೆಯಿಂದ ಬಂದ ಯಾರಿಗಾದರೂ ಕಾರಣವಿಲ್ಲದೆ ನೀಲಿಗಟ್ಟಿದರೆ, ವಸಡಿನ ರಕ್ತ ನಿಲ್ಲದಿದ್ದರೆ, ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿ. ಮರ, ಹುಲ್ಲು, ಹುಳ ಏನಾದರೂ ಮುಟ್ಟಿದಿರಾ, ಎಷ್ಟು ದಿನದ ಹಿಂದೆ ಅಂತ ಕೇಳಿ. ನನ್ನ ಸಂಬಂಧಿಕರ ಹುಡುಗನಿಗೆ ಒಂದು ಚೀಟಿ ಬರೆದು ಫೋಟೋ ಕಳಿಸಿದ್ದೇನೆ, ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆ. ಅದರಲ್ಲಿ ಏಳು ಸಾಲು ಇದೆ: ಹುಳ ಮುಟ್ಟಿದ ದಿನ ಮತ್ತು ಗಂಟೆ. ಊರು, ಮರ ಯಾವುದು. ಹುಳ ಎಷ್ಟಿದ್ದವು, ಫೋಟೋ ಇದೆಯಾ. ಮೈಯ ಯಾವ ಭಾಗಕ್ಕೆ ತಾಗಿತು. ದಿನಾ ನುಂಗುವ ಮಾತ್ರೆ ಏನು. ಮೊದಲ ಟ್ಯೂಬ್ ಇಟ್ಟ ಗಂಟೆ, ಕಟ್ಟಿತಾ ಇಲ್ಲವಾ. ಮುಂದಿನ ಟ್ಯೂಬ್ ಯಾವಾಗ.